ಸೂಟಿ ಇಲ್ಲದ ಡ್ರಿಲ್ ಅಕ್ಕಾರು

ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ತೊಟ್ಟು ಬೆಳಗಿನ ಐದೂವರೆಗೆ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಟಪಟಪ ನಡೆದು ಬರುತ್ತಿದ್ದವರು ಅವರೊಬ್ಬರೇ. ನಾನು ಕನ್ನಡ ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಡ್ರಿಲ್ ಕಲಿಸುತ್ತಿದ್ದರು. ಐವತ್ತು ದಾಟಿದ್ದರೂ ಬೆನ್ನು ನೆಟ್ಟಗೆ, ದನಿ ಗಂಟೆ ಬಾರಿಸಿದ ಹಾಗೆ. ಹುಡುಗಿಯರಿಗೂ ನಮಗೂ ಅವರು ಡ್ರಿಲ್ ಅಕ್ಕಾರು.

ಅರವತ್ತರ ದಶಕದ ಮೊದಲ ವರ್ಷಗಳವು. ಎರಡನೆಯ ಹೆರಿಗೆಯ ನಂತರ ನಾನು ದಪ್ಪಗಾಗುತ್ತಲೇ ಹೋಗಿದ್ದೆ. ಒಂದು ಮಾರ್ಚ್ ತಿಂಗಳಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಮೂತ್ರದಲ್ಲಿ ಸಕ್ಕರೆ ಕಾಣುತ್ತಿದೆ ಎಂದರು. "ಜೂನದಾಗ ಮತ್ತ ನೋಡೂಣು. ಅಷ್ಟರಾಗ ಮೈ ಇಳಸ್ರಿ, ಇಲ್ಲಂದ್ರ ಸೂಜಿ ಶುರು ಮಾಡಬೇಕಾಗ್ತದ." ನನ್ನ ಅಪ್ಪ ಸಕ್ಕರೆ ರೋಗದಲ್ಲಿ ಒಂದು ಕಾಲು ಕಳೆದುಕೊಂಡು, ಕೊನೆಗೆ ಅದರಿಂದಲೇ ತೀರಿಕೊಂಡಿದ್ದರು. ಮರುದಿನ ಶಿಕ್ಷಕಿಯರ ಕೋಣೆಯಲ್ಲಿ ಕೂತು ಅತ್ತುಬಿಟ್ಟೆ.

ಅಕ್ಕಾರು ಎಲ್ಲವನ್ನೂ ಕೇಳಿ, "ಮುಂಜಾನೆ ಎಷ್ಟಕ್ಕ ಏಳ್ತೀರಿ?" ಎಂದಷ್ಟೇ ಕೇಳಿದರು.

"ಈಗ ಸೂಟಿ ಬರ್ತದಲ್ರಿ. ಮದುವಿ, ಮಾವಿನ ಹಣ್ಣು... ಶುರು ಮಾಡಿದ್ರೂ ನಿಂತು ಹೋಗ್ತದ."

"ಸೂಟಿ ಇರೂದು ಸಾಲಿಗಿ, ಮೈಗಲ್ಲ. ನಾಳೆ ಬರ್ತೇನಿ."

ಹಾಗೆ ನಮ್ಮ ನಡಿಗೆ ಶುರುವಾಯಿತು. ಬಿಸಿಲು ಏರುವ ಮೊದಲೇ ಕೆಲಗೇರಿ ಕೆರೆಯ ದಾರಿಯಲ್ಲಿ ಅರ್ಧದವರೆಗೆ ಹೋಗಿ ಬರುವುದು. ಊಟಕ್ಕೆ ಒಂದೇ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ನೆನೆಸಿದ ಹೆಸರುಕಾಳು. ಮಧ್ಯಾಹ್ನ ಹಸಿವಾದರೆ ಸೌತೆಕಾಯಿ, ನೀರುಮಜ್ಜಿಗೆ. ಮೂರನೆಯ ದಿನ ನಮ್ಮ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮನಿತನಸ್ಥ ಹೆಣ್ಣಮಕ್ಕಳು ಹಿಂಗ ರಸ್ತಾ ಅಳದ್ರ ಮಂದಿ ಏನಂದಾರು?"

"ಖರೇ ಮಾತ್ರೀ, ಅವ್ವಾರ," ಎಂದರು ಅಕ್ಕಾರು ಗಂಭೀರವಾಗಿ. "ಅದಕ್ಕ ನೀವೂ ಬರ್ರಿ. ಕಾವಲಿಗೆ ಹಿರ್ಯಾರು ಒಬ್ರು ಇದ್ದಂಗ ಆಗ್ತದ."

ಅತ್ತೆ ಕಾವಲಿಗೆಂದೇ ಬಂದರು. ಮೊದಲ ದಿನ ಸ್ಟೇಷನ್ ದಾಟುವುದರೊಳಗೆ ಎರಡು ಸಲ ಕೂತರು. ವಾರ ಕಳೆಯುವಷ್ಟರಲ್ಲಿ ನನಗಿಂತ ಮೊದಲು ಎದ್ದು, "ಎಷ್ಟೊತ್ತು ಮಲಗ್ತೀ? ಆಕಿ ಬರೂ ಹೊತ್ತಾತು" ಎಂದು ನನ್ನನ್ನೇ ಎಬ್ಬಿಸತೊಡಗಿದರು.

ಮೇ ತಿಂಗಳಲ್ಲಿ ನಾನು ಪಥ್ಯದಿಂದ ಜಾರಿದೆ. ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮದುವೆ. ಆಪೂಸ್ ಮಾವಿನ ಸೀಕರಣೆ ಬಡಿಸುತ್ತ ಬಂದವರಿಗೆ ಬೇಡ ಎನ್ನಲು ಬಾಯಿಯೇ ಬರಲಿಲ್ಲ. ಊರಿಗೆ ಬಂದ ಮೇಲೆ ಅಕ್ಕಾರಿಗೆ ಮುಖ ತೋರಿಸಲು ನಾಚಿಕೆಯಾಗಿ, ಮೂರು ದಿನ ತಲೆನೋವೆಂದು ಒಳಗೇ ಉಳಿದೆ. ಅತ್ತೆ ಮಾತ್ರ ಅವರೊಡನೆ ಹೋಗಿ ಬಂದರು. ನಾಲ್ಕನೆಯ ದಿನ ಅಕ್ಕಾರು ಸೀದಾ ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಕೂತರು.

"ಎಷ್ಟು ಬಟ್ಲಾ ಹೊಡದ್ರಿ?"

"ಮೂರ್ರಿ."

"ಹೋಳಿಗಿ?"

ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ. ಅವರು ಗೊಳ್ಳೆಂದು ನಕ್ಕರು. "ಒಂದಿನ ಉಂಡ್ರ ಏನೂ ಕೆಡೂದಿಲ್ಲ. ಮರುದಿನ ನಾಚಿಕೊಂಡು ಮನ್ಯಾಗ ಕೂಡ್ತೀರಲ್ಲ, ಕೆಡೂದು ಅದರಿಂದ. ನಾನೂ ನಿನ್ನೆ ನಾಕು ಮಾವಿನಹಣ್ಣು ತಿಂದೇನಿ. ಏಳ್ರಿ, ಇವತ್ತು ಕೆರಿ ತನಕ ಹೋಗೂಣು."

ಅವರು ತಮ್ಮ ತಪ್ಪನ್ನೂ ಒಪ್ಪಿಕೊಂಡ ಆ ಮಾತಿಗೆ ನಾನು ಎದ್ದೆ. ಆಮೇಲೆ ಎಷ್ಟೋ ಸಲ ಜಾರಿದ್ದೇನೆ. ಆದರೆ ಮರುದಿನ ಮನೆಯಲ್ಲಿ ಕೂತದ್ದಿಲ್ಲ.

ಜೂನಿನಲ್ಲಿ ಡಾಕ್ಟರು ಪರೀಕ್ಷೆ ಮಾಡಿ, "ಏನೂ ಇಲ್ಲ. ಹಿಂಗ ಮುಂದುವರಸ್ರಿ" ಎಂದರು. ಹಿಂದೆ ನಿಂತಿದ್ದ ಅತ್ತೆ, "ನನ್ನ ಮಣಕಾಲ ನೋವೂ ಹೋಗ್ಯದ, ಅದನ್ನೂ ಬರಕೋರಿ" ಎಂದರು.

ನಿವೃತ್ತರಾದ ಮೇಲೆ ಅಕ್ಕಾರು ಬೈರಿದೇವರಕೊಪ್ಪದಲ್ಲಿದ್ದ ತಮ್ಮನ ಮನೆಗೆ ಹೋದರು. ಎರಡು ವರ್ಷದ ನಂತರ, ಒಂದು ಏಪ್ರಿಲ್‌ನಲ್ಲಿ, ಸಂಜೆ ಸುತ್ತಾಡಿ ಬಂದು ಮಲಗಿದವರು ಮತ್ತೆ ಏಳಲಿಲ್ಲ ಎಂದು ಸುದ್ದಿ ಬಂತು. ಅತ್ತೆ ಮತ್ತು ನಾನು ಬಸ್ಸು ಹಿಡಿದೆವು. ಇಳಿದ ಜಾಗದಿಂದ ಅವರ ಮನೆ ಮೈಲಿಯಷ್ಟು ದೂರ. ಒಬ್ಬ ಟಾಂಗಾದವನು ಬಿಸಿಲು ತೋರಿಸಿ, "ಕೂಡ್ರಿ ಅಮ್ಮಾರ, ಬಿಟ್ಟು ಬರ್ತೇನಿ" ಎಂದ.

ಅರವತ್ತೆಂಟು ವರ್ಷದ ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಬ್ಯಾಡಪ್ಪಾ. ಆಕಿ ಮನಿಗೆ ನಾ ಟಾಂಗಾದಾಗ ಕೂತು ಹೋಗಲೇನು?"

ಇಬ್ಬರೂ ಅಳುತ್ತಲೇ ನಡೆದೆವು. ಎಲ್ಲಿಯೂ ಕೂರಲಿಲ್ಲ.