ಒಂದೇ ಡಿಸ್ಕಿನಲ್ಲಿ ಕುಬೇರಪ್ಪನ ಮಗಳ ಮದುವೆ

“ಕಪ್ಪತಗುಡ್ಡಾನ ತಂದು ಕೊಡ್ರಿ, ಒಂದ ಡಿವಿಡಿಯೊಳಗ ಇಳಿಸಿ ಕೊಡ್ತೀನಿ. ಒಂದು ಹಳ್ಳು ಹೊರಗ ಉಳದ್ರ ನನ್ನ ಹೆಸರು ಖಾಸಿಂಸಾಬ ಅಲ್ಲ!”

ಗದಗ ಜಿಲ್ಲೆಗೆ ಹನ್ನೆರಡು ತುಂಬಿದ ವರ್ಷ, ಲಕ್ಷ್ಮೇಶ್ವರದ ಬಜಾರದಲ್ಲಿ ಈ ಮಾತು ಕೇಳದ ಕಿವಿ ಇರಲಿಲ್ಲ. ಕಿವುಡರೂ ಎರಡೆರಡು ಸಲ ಕೇಳಿದ್ದರು. ಮದುವೆ ಶೂಟಿಂಗ್ ಮಾಡುವ ಖಾಸಿಂಸಾಬನ ಕಂಪ್ಯೂಟರ್ ಮಾತ್ರ ಅದನ್ನು ನಂಬಿರಲಿಲ್ಲ. ಒಂದು ಮದುವೆಯನ್ನು ಡಿವಿಡಿಗೆ ಹಿಡಿಸುವ ಹಾಗೆ ಕನ್ವರ್ಟ್ ಮಾಡಲು ಹಚ್ಚಿದರೆ, ಅದು ಮುಗಿಯುವಷ್ಟರಲ್ಲಿ ಮದುಮಗಳು ಕೂಸಿನ ತೊಟ್ಟಿಲ ಕಾರ್ಯಕ್ಕೆ ಕರೆಯಲು ಬರುತ್ತಿದ್ದಳು.

ಶಿಗ್ಲಿಯ ಕುಬೇರಪ್ಪ ಮಗಳ ಮದುವೆ ಮಾಡಿದ. ಏಳು ತಾಸಿನ ವಿಡಿಯೊ ಆಯಿತು. ಅದರಲ್ಲಿ ನಾಲ್ಕು ತಾಸು ಬರೀ ಊಟ.

“ಎರಡು ಡಿಸ್ಕ್ ಮಾಡೂಣ್ರಿ ಸಾವಕಾರ್ರ,” ಎಂದ ಖಾಸಿಂಸಾಬ, ಗುಡ್ಡದ ಮಾತು ಮರೆತು.

“ಲೇ, ಮದುವಿ ಎರಡು ತುಂಡು ಮಾಡ್ತಿಯೇನು? ಅಪಶಕುನ! ಒಂದರಾಗ ಕುಂಡ್ರಸು. ಏನರ ಬಿಡು, ನಮ್ಮಕ್ಕ ಉಂಡದ್ದು ಬಿಡಬ್ಯಾಡ.”

ಅಕ್ಕ ಎಂದರೆ ಬಿಂಕದಕಟ್ಟಿಯ ತಿಪ್ಪವ್ವ. ತಮ್ಮನ ಮನೆಯ ನೀರನ್ನೂ ಮುಟ್ಟೆನೆಂದು ಹನ್ನೊಂದು ವರ್ಷ ಸಿಟ್ಟು ಸಾಧಿಸಿದವಳು ಈ ಮದುವೆಯಲ್ಲಿ ಪಂಕ್ತಿಗೆ ಕೂತಿದ್ದಳು. ಅವಳು ಉಂಡದ್ದೇ ರಾಜಿಯ ಕಾಗದ, ಸಹಿ, ಶಿಕ್ಕಾ ಎಲ್ಲ.

ಖಾಸಿಂಸಾಬ ವಿಡಿಯೊವನ್ನು ಹಿಂಡಿ ಸಣ್ಣದು ಮಾಡಿ ನೋಡಿದ. ಮದುಮಗಳ ಮುಖ ಫರಸಿ ನೆಲದಂತೆ ಚೌಕಚೌಕವಾಯಿತು. ಕತ್ತರಿಸೋಣವೆಂದರೆ, ವಿಡಿಯೊದಲ್ಲಿ ಮೋರೆ ಕಾಣದ ಬೀಗರು ಏಳು ಜನ್ಮಕ್ಕೂ ಮಾತಾಡುವುದಿಲ್ಲ. ಕಡೆಗೆ ಊಟದ ಭಾಗವನ್ನಷ್ಟೇ ನಾಲ್ಕು ಪಟ್ಟು ಜೋರು ಓಡಿಸಿದ. ಮದುವೆ ಡಿಸ್ಕಿನಲ್ಲಿ ಕುಳಿತಿತು.

ಕುಬೇರಪ್ಪನ ಪಡಸಾಲೆಯಲ್ಲಿ ಟಿವಿ ಮುಂದೆ ಅರ್ಧ ಶಿಗ್ಲಿ ನೆರೆಯಿತು. ಮುಂದಿನ ಸಾಲಿನಲ್ಲಿ ತಿಪ್ಪವ್ವ. ಟಿವಿಯಲ್ಲಿ ಅಕ್ಷತೆಯ ಅಕ್ಕಿಕಾಳು ಸುಸೂತ್ರವಾಗಿ ಬಿದ್ದವು. ಊಟ ಶುರುವಾದದ್ದೇ ತಡ, ಬಡಿಸುವವರು ಬೆನ್ನಿಗೆ ನಾಯಿ ಹತ್ತಿದವರಂತೆ ಓಡಿದರು. ತಿಪ್ಪವ್ವನ ದವಡೆ ಹೊಲಿಗೆ ಮಷಿನ್ನಿನಂತೆ ಕಟಕಟ ಆಡಿತು. ಎಲೆಗೆ ಬಿದ್ದ ಹೋಳಿಗೆ ಬಿದ್ದಲ್ಲೇ ಮಾಯ!

“ಹನ್ನೊಂದು ವರ್ಷದ ಹಸಿವಲೇ!” ಎಂದು ಹಿಂದಿನಿಂದ ಯಾರೋ ಒದರಿದರು. ಮಂದಿ ನಕ್ಕ ಸಪ್ಪಳಕ್ಕೆ ಜಂತಿಯ ಮಣ್ಣು ಉದುರಿತು.

ತಿಪ್ಪವ್ವ ಎದ್ದು ಕೈಚೀಲ ಹಿಡಿದಳು. “ನನ್ನ ಮಾನಾ ಕಳ್ಯಾಕ ಕರಿಸೀಯೇನಲೇ ಕುಬ್ಯಾ? ಇನ್ನ ಈ ಹೊಸ್ತಿಲಾ ತುಳದ್ರ ಕೇಳು!”

ಕುಬೇರಪ್ಪ ಡಿಸ್ಕ್ ಹಚ್ಚಲು ಬಂದಿದ್ದ ಖಾಸಿಂಸಾಬನತ್ತ ತಿರುಗಿದ. “ಖಾಸಿಂ, ಅಕ್ಕ ಹೋದ್ರ ನಿನ್ನ ಬಿಡಂಗಿಲ್ಲ ನೋಡು!”

ಖಾಸಿಂಸಾಬ ಬಾಗಿಲಿಗೆ ಅಡ್ಡ ನಿಂತ.

“ಏ ಸಾಬಾ, ನಾ ಎಂದರ ಹಿಂಗ ಗಬಗಬ ತಿಂದೀನೇನು? ಸಾವಕಾಶ ಉಂಡೀನಿ. ಇದ್ದದ್ದ ಇದ್ದಂಗ ತೋರಸು!”

“ಆತ್ರಿ ಯವ್ವಾ. ಅಸಲಿ ವಿಡಿಯೊ ಅಂಗಡ್ಯಾಗ ಐತಿ, ತಂದು ಸಾವಕಾಶ ಹಚ್ಚತೀನಿ,” ಎಂದವನು ಅವಳ ಕಿವಿಗೆ ಬಗ್ಗಿದ. “ಆದ್ರ ಅದರಾಗ ನಿಮ್ಮ ಎಲಿಗೆ ಹನ್ನೆರಡು ಹೋಳಿಗಿ ಬಿದ್ದಾವ್ರಿ. ಜೋರು ಓಡಿಸಿದ್ದಕ್ಕ ಯಾರಿಗೂ ಎಣಸಾಕ ಆಗಿಲ್ಲ.”

ತಿಪ್ಪವ್ವ ಮೆಲ್ಲಗೆ ಕೈಚೀಲ ಕೆಳಗಿಟ್ಟಳು. “ಕುಬ್ಯಾ, ಚಾ ಇಡಸು. ಡಿಸ್ಕ್ ಛಲೋ ಆಗೇತಿ, ಹಿಂಗ ಇರಲಿ.” ಕುಳಿತವಳು ದನಿ ತಗ್ಗಿಸಿದಳು. “ಆದ್ರ ನೀ ಸುಳ್ಳ ಹೇಳ್ತಿ, ಸಾಬಾ. ನಾ ತಿಂದದ್ದು ಎಂಟ.”

“ಖರೇರಿ ಯವ್ವಾ, ತಿಂದದ್ದು ಎಂಟ,” ಎಂದ ಖಾಸಿಂಸಾಬ. “ಉಳದ ನಾಕು ಸೆರಗಿಗೆ ಕಟ್ಟಿಗೊಂಡ್ರಲ್ಲ!”