ಮುತ್ಯಾ ಹೇಳಿದ ಕಾಲಗುಣ

ಸಾಂಗಲಿಯ ಚರ್ಚಾಸ್ಪರ್ಧೆಗೆ ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ನಾನು ಒಪ್ಪದಿದ್ದ ಪಕ್ಷ. ಹವಾಮಾನ ಬದಲಾಗುತ್ತಿರುವುದೂ ಸಮುದ್ರದ ಚಂಡಮಾರುತಗಳು ಜೋರಾಗುತ್ತಿರುವುದೂ ಮನುಷ್ಯನಿಂದಲೇ ಎಂದು ನಾನು ವಾದಿಸಬೇಕಿತ್ತು. ವಿರೋಧದ ಚೀಟಿ ಬಂದಿದ್ದರೆ ತಯಾರಿಯೇ ಬೇಕಿರಲಿಲ್ಲ. ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದರೆ ಸಾಕು, ‘ಪುರಾವೆ ಏನು?’ ಎಂದು ಕೇಳುವ ಚಟ ನನಗೆ. ಕಾಲೇಜಿನ ಚರ್ಚಾಕೂಟದಲ್ಲಿ ಮೊದಲ ದಿನವೇ ಕಲಿಸಿದ ಪಾಠ ಅದು: ಒಂದರ ಹಿಂದೆ ಇನ್ನೊಂದು ಬಂತು ಅಂದ ಮಾತ್ರಕ್ಕೆ, ಇದರಿಂದಲೇ ಅದು ಬಂತು ಎನ್ನಬೇಡ. ಹೊಗೆ ಹೆಚ್ಚಿತು, ಆಮೇಲೆ ಬಿರುಗಾಳಿ ಹೆಚ್ಚಿತು, ಸರಿ. ಆದರೆ ನಡುವೆ ಏನಿದೆ?

ಓದಲು ಒಂದು ಚೀಲ ಕಾಗದ ಹೊತ್ತು ಊರಿಗೆ ಬಂದೆ. ಅದು ಬೇದಾಣಾ ಹಂಗಾಮು. ಒಣದ್ರಾಕ್ಷಿಗೆ ಕನ್ನಡ-ಮರಾಠಿ ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿನಲ್ಲಿ ಬೇದಾಣಾ ಎನ್ನುತ್ತಾರೆ. ಮುಚ್ಚಂಡಿ ರಸ್ತೆಯ ಹೊಲದಲ್ಲಿ, ಮನೆಗೆ ಕೂಗಳತೆಯಲ್ಲೇ, ನಮ್ಮದೊಂದು ಶೆಡ್ಡಿದೆ. ಮೇಲೆ ತಗಡು, ಒಳಗೆ ಒಂದರ ಮೇಲೊಂದು ಬಲೆ ಬಿಗಿದ ರ್‍ಯಾಕುಗಳು, ಸುತ್ತಲೂ ಹಸಿರು ನೆಟ್ಟು. ಕೊಯ್ದ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ ಬಲೆಗಳ ಮೇಲೆ ಹರವಿದರೆ, ಮುಂದಿನ ಕೆಲಸವೆಲ್ಲ ಒಣಗಾಳಿಯದು. ಆ ದಿನಗಳಲ್ಲಿ ಮನೆಯವರೆಲ್ಲ ಶೆಡ್ಡಿನ ಹತ್ತಿರವೇ ಇರುತ್ತಿದ್ದರಾದ್ದರಿಂದ ನಾನೂ ಅಲ್ಲೇ ಒಂದು ಬುಟ್ಟಿ ಬೋರಲು ಹಾಕಿ ಕುಳಿತು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ.

ಕೇಳುವವರು ಮೂವರು: ಮುತ್ಯಾ ಎಂದು ನಾವು ಕರೆಯುವ ಅಜ್ಜ, ಅಣ್ಣ, ಮತ್ತು ಮದುವೆಯಾಗಿ ಆಗಷ್ಟೇ ಬಂದಿದ್ದ ಅಣ್ಣನ ಹೆಂಡತಿ, ನನ್ನ ವೈನಿ. ಅವ್ವ ಕೇಳಿಸಿಕೊಳ್ಳುತ್ತಿದ್ದಳು, ಆದರೆ ಕೇಳಿಸಿಕೊಂಡೆನೆಂದು ತೋರಿಸುತ್ತಿರಲಿಲ್ಲ.

“ಸಮುದ್ರ ಎಲ್ಲಿ, ಜತ್ತ ಎಲ್ಲಿ?” ಎಂದ ಮುತ್ಯಾ. “ಇಷ್ಟ ವಯಸ್ಸಾತು, ನಾ ಇನ್ನೂ ಸಮುದ್ರ ನೋಡಿಲ್ಲ. ಅದರ ಗೊಡವಿ ನನಗ್ಯಾಕ?”

“ನೀ ಸಮುದ್ರದ ಕಡೆ ಹೋಗದಿದ್ರೂ ಅದು ನಿನ್ನ ಹೊಲಕ್ಕ ಬರತೈತಿ ಮುತ್ಯಾ. ಮೋಡ ಎಲ್ಲಿಂದ ಬರ್ತಾವ ಅಂದಿ?”

“ಬರಲಿ. ಹೇಳಿ ಬರಾಕ ಏನಾಗೈತಿ ಅದಕ್ಕ?”

ವೈನಿ ತಾಸಗಾಂವ ಕಡೆಯ ಮರಾಠಿ ಮನೆಯವಳು. ಬೇದಾಣಾ ಕೆಲಸ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಕನ್ನಡ ಮಾತ್ರ ಇನ್ನೂ ಕೈಗೆ ಬಂದಿರಲಿಲ್ಲ. ಮಾತಿನ ಕೊನೆಗೆ ‘ರಿ’ ಹಚ್ಚಬೇಕೆಂದು ಯಾರೋ ಹೇಳಿಕೊಟ್ಟಿದ್ದರು, ಅವಳು ಎಲ್ಲದಕ್ಕೂ ಹಚ್ಚುತ್ತಿದ್ದಳು. “ಅತ್ತಿ, ಎಮ್ಮಿ ಬಂದಾರ್ರಿ,” ಎಂದು ಅವಳು ಕೂಗಿದಾಗ ಮುತ್ಯಾ, “ಕುಂದ್ರಸು, ಚಾ ಕೊಡು ಅವರಿಗೆ,” ಎಂದಿದ್ದ. ಮೊದಲು ನಕ್ಕದ್ದು ಅವಳೇ. ನನ್ನನ್ನು, ಮರಾಠಿಯಲ್ಲಿ ಅಕ್ಕನನ್ನು ಕರೆಯುವಂತೆ, ‘ತಾಈ’ ಎನ್ನುತ್ತಿದ್ದಳು. ಗೊತ್ತಿಲ್ಲದ ಕನ್ನಡ ಮಾತು ಕಿವಿಗೆ ಬಿದ್ದರೆ, ಅದನ್ನು ಎರಡು ಸಲ ತನ್ನೊಳಗೇ ಹೇಳಿಕೊಂಡು ಹತ್ತಿರ ಇದ್ದವರನ್ನು ಅರ್ಥ ಕೇಳುತ್ತಿದ್ದಳು.

ಮಳೆ ಬಂದದ್ದು ಮಧ್ಯಾಹ್ನ. ಬೆಳಿಗ್ಗೆಯಿಂದಲೇ ಗಾಳಿಯಲ್ಲಿ ಪಸೆಯಿತ್ತು, ಮೈ ಅಂಟುತ್ತಿತ್ತು. ಟಿವಿಯವರು ‘ಅವಕಾಳಿ’ ಎಂದಿದ್ದರು, ಹೊತ್ತಲ್ಲದ ಹೊತ್ತಿನ ಮಳೆ. ತಾಡಪತ್ರಿ, ಅಂದರೆ ಟಾರ್ಪಾಲು, ಇಳಿಬಿಡುವಷ್ಟರಲ್ಲಿ ಗಾಳಿ ಅಡ್ಡಕ್ಕೆ ಬೀಸಿ ಪಡುವಣ ಬದಿಯ ರ್‍ಯಾಕುಗಳೆಲ್ಲ ತೊಯ್ದವು. ಎಲ್ಲರೂ ಓಡಾಡುತ್ತಿದ್ದಾಗಲೂ ಮುತ್ಯಾನಿಗೆ ಚೇಷ್ಟೆ ತಪ್ಪಲಿಲ್ಲ. “ನೋಡವಾ, ನೀ ವಾದಾ ಮಾಡಿ ಮಾಡಿ ವಾದಳ ಕರಸಿದಿ!” ಬಿರುಗಾಳಿಗೆ ಮರಾಠಿಯಲ್ಲಿ ವಾದಳ ಎನ್ನುತ್ತಾರೆ.

ಮಳೆ ಹೆಚ್ಚು ಹೊತ್ತು ಇರಲಿಲ್ಲ, ಪಸೆ ಮಾತ್ರ ಉಳಿಯಿತು. ಮರುದಿನ ತೊಯ್ದ ಮಾಲೆಲ್ಲ ಕಪ್ಪಾಗತೊಡಗಿತ್ತು. ಮುತ್ಯಾ ಕುಕ್ಕರುಗಾಲಲ್ಲಿ ಕುಳಿತು ಒಂದು ಕಾಳನ್ನು ಬೆರಳ ನಡುವೆ ತಿಕ್ಕಿ ನೋಡಿದ. “ಕಾಲಗುಣ,” ಎಂದ. “ಯಾರನ್ನ ಬೈಯೂದು?”

ವೈನಿ ಅಲ್ಲೇ ಬಕೆಟ್ಟು ಹಿಡಿದು ನಿಂತಿದ್ದಳು. ಸಹಾಯಕ್ಕೆ ಬಂದಿದ್ದ ನೆರೆಹೊಲದ ಹೆಂಗಸನ್ನು ಮೆಲ್ಲಗೆ ಅರ್ಥ ಕೇಳಿದಳು, “ಕಾಲಗುಣ ಮ್ಹಣಜೆ ಕಾಯ ಹೋ?”

ಆ ಹೆಂಗಸಿಗೆ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಕೈಯಲ್ಲಿ ಕೆಲಸವಿತ್ತು, ತಿರುಗಿಯೂ ನೋಡದೆ ಹೇಳಿದಳು: “ಕಾಲ ಅಂದ್ರ ಪಾಯ. ಪಾಯಗುಣ.”

ನಾನು ಪಕ್ಕದಲ್ಲೇ ಇದ್ದೆ, ಆ ಕ್ಷಣಕ್ಕೆ ಎಡವಟ್ಟು ನನಗೂ ಹೊಳೆಯಲಿಲ್ಲ. ನಮ್ಮ ಮಾತಿನಲ್ಲಿ ಮೈಗೆ ಹತ್ತಿದ ಕಾಲೂ ‘ಕಾಲ’, ಹೋಗಿಬರುವ ಕಾಲವೂ ‘ಕಾಲ’. ಕನ್ನಡದಲ್ಲಿ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಮರಾಠಿಯ ‘ಪಾಯ’ ನಡೆಯುವ ಕಾಲು ಮಾತ್ರ, ಪಾಯಗುಣಕ್ಕೆ ಆ ಅನುಕೂಲವಿಲ್ಲ. ಅದಕ್ಕೆ ಒಂದೇ ಅರ್ಥ: ಮನೆಗೆ ಬಂದವಳ ಹೆಜ್ಜೆಯ ಗುಣ, ಒಳ್ಳೆಯದೋ ಕೆಟ್ಟದ್ದೋ. ಹೊಸ ಸೊಸೆಯ ಎದುರು, ಕಪ್ಪಾದ ಮಾಲು ಕೈಯಲ್ಲಿ ಹಿಡಿದು ಹಾಗೆಂದರೆ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಅಂದಿನಿಂದ ವೈನಿ ಶೆಡ್ಡಿನೊಳಗೆ ಬರಲಿಲ್ಲ. ರೊಟ್ಟಿ ಗಂಟು ತಂದರೆ ನೆಟ್ಟಿನ ಹೊರಗೇ ನಿಂತು ಅಣ್ಣನನ್ನು ಕರೆದು ಕೊಡುತ್ತಿದ್ದಳು. ಯಾಕೆಂದು ಅಣ್ಣ ಕೇಳಿದರೆ ತಲೆನೋವು ಎಂದಳು. ನಾನು ಸುಮ್ಮನೆ ಬಿಡುವವಳಲ್ಲ. ನೀರಿನ ಟಾಕಿಯ ಹತ್ತಿರ ಕೊಡ ತುಂಬುತ್ತಿದ್ದವಳನ್ನು ಅಡ್ಡ ಹಾಕಿ ಕೇಳಿದಾಗ ಎಲ್ಲವೂ ಹೊರಬಂತು. ಚೀಲ ತುಂಬಿ ಇಟ್ಟಿದ್ದಳು. ನಾಳೆ ಅಣ್ಣ ಜತ್ತಿನ ಬಸ್‌ಸ್ಟ್ಯಾಂಡಿಗೆ ಬಿಟ್ಟರೆ ತವರಿಗೆ ಹೋಗುವವಳು.

“ಎರಡನೇ ತೋಟದ ಮಾಲ ಬರೂದೈತ್ರಿ ತಾಈ. ಅದು ಒಣಗೂತನಾ ನಾ ಅಲ್ಲೇ ಇರ್ತೀನಿ. ಇವರ ಮಾಲಿಗೆ ನನ್ನಿಂದ ತ್ರಾಸ ಬ್ಯಾಡ.”

ಮುತ್ಯಾ ಹೇಳಿದ್ದು ಹಂಗಲ್ಲ ಎಂದೆ. ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತೀರಿ ಎನ್ನುವಂತೆ ನೋಡಿದಳು. ಆಗ ನಾನು ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ.

“ಆತು, ನೀವ ಹ್ವಾದ್ರಿ. ಬಿಸಲ ಬಿತ್ತು. ಮಾಲ ಬಂಗಾರದಂಗ ಒಣಗಿತು. ಆಗ?”

“ಚಲೋನ ಆತಲ್ರಿ.”

“ಮಾಲಿಗೆ ಚಲೋ. ನಿಮಗ?”

ಅವಳು ಕೊಡದ ಮೇಲಿನ ಕೈ ತೆಗೆದಳು. ನಮ್ಮ ಕಡೆ ಆ ಹೊತ್ತಿನಲ್ಲಿ ಬಿಸಿಲು ಬೀಳುವುದೇ ಸಹಜ, ಮಳೆಯೇ ಅಪರೂಪ. ಅಂದರೆ ಅವಳು ಹೋದರೆ ಮಾಲು ಒಣಗುವುದು ಬಹುಪಾಲು ಖಾತ್ರಿ. ಆಮೇಲೆ ಊರಿಗೆಲ್ಲ ಅದೇ ಪುರಾವೆ: ಇದ್ದಳು, ಮಳೆ ಬಂತು, ಹೋದಳು, ಮಳೆ ನಿಂತಿತು. ಅಲ್ಲ ಎಂದು ತೋರಿಸಲು ಅವಳಿಗೆ ಯಾವ ದಾರಿಯೂ ಉಳಿಯುವುದಿಲ್ಲ.

“ನನ್ನ ಧಾಕಟಿ ಬಹೀಣ ಅದಾಳ್ರಿ,” ಎಂದಳು, ತಂಗಿಯ ಮಾತು. “ಆಕಿನ್ನ ನೋಡಾಕ ಬರಾವ್ರಿದಾರ. ಈ ಮಾತ ಅಲ್ಲಿಗೆ ಮುಟ್ಟಿದ್ರ, ಅಕ್ಕನ ಪಾಯಗುಣ ಹಂಗ, ತಂಗೀದೂ ಹಂಗ ಅಂತಾರ.” ಕೊಡ ಎತ್ತಿಕೊಳ್ಳುತ್ತಾ, “ಹೋದ್ರೂ ತ್ರಾಸ. ಇದ್ರ ಅತ್ತಿ ನನ್ನ ಕಾಲ ಕಡೆ ನೋಡ್ತಾರ,” ಎಂದಳು.

ಆ ಮಧ್ಯಾಹ್ನ ಎಲ್ಲರೂ ಶೆಡ್ಡಿನ ನೆರಳಲ್ಲಿ ಊಟಕ್ಕೆ ಕುಳಿತಾಗ, ವೈನಿ ನೆಟ್ಟಿನ ಆಚೆ ಕೇಳುವಷ್ಟು ಹತ್ತಿರ ಇದ್ದಾಳೆಂದು ನೋಡಿಕೊಂಡು, ನಾನು ಗಟ್ಟಿಯಾಗಿಯೇ ಕೇಳಿದೆ: “ಮುತ್ಯಾ, ಅವತ್ತ ಕಾಲಗುಣ ಅಂದೆಲ್ಲ, ಯಾವ ಕಾಲ?”

“ಎಷ್ಟ ಕಾಲ ಅದಾವ?”

“ಎರಡ. ಒಂದು ನಡ್ಯೂದು, ಒಂದು ಬರೂದು ಹೋಗೂದು.”

ಮುತ್ಯಾನ ಕೈಯ ತುತ್ತು ತಾಟಿಗೆ ಇಳಿಯಿತು. ನೆಟ್ಟಿನ ಕಡೆ ನೋಡಿದ. “ಯವ್ವಾ, ಹಂಗ ತಿಳಕೊಂಡಾಳೇನ ಅಕಿ? ಹಂಗಾಮಿಗೆ ಅಂದೆ ನಾ. ಈಗಿನ ದಿವಸಕ್ಕ ಅಂದೆ. ಬಾರವಾ ಒಳಗ, ಹುಚ್ಚಿ!”

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅವ್ವ ಚಟ್ನಿ ಬಡಿಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು: “ಮುತ್ಯಾ ಏನರೆ ಅನ್ನಲಿ. ಹೋದ ವರ್ಷ ಇದ ಶೆಡ್ಡು, ಇದ ತೋಟ. ಮಾಲ ನೋಡಾಕ ಮಂದಿ ಬಂದಿದ್ರು. ಈ ವರ್ಷ ಏನ ಹೊಸಾದು ಬಂತು? ಅಷ್ಟ ಕೇಳಾಕತ್ತೀನಿ.”

“ಈ ವರ್ಷ ಮನಿಗೆ ಹೊಸಾ ಫ್ರಿಜ್ಜೂ ಬಂದೈತಿ. ಅದನ್ನೂ ತವರಿಗೆ ಕಳಸೂನು?” ಎಂದೆ. ಅಣ್ಣನಿಗೆ ನಗು ಬಂದು ತುತ್ತು ನೆತ್ತಿಗೇರಿತು. “ಅವತ್ತ ಕರಜಗ್ಯಾಗೂ ಮಳಿ ಆತು, ಬೆಳುಂಕ್ಯಾಗೂ ಆತು. ಆ ಊರಾಗೆಲ್ಲಾ ಯಾರ ಸೊಸಿ ಬಂದಾಳ ಅವ್ವಾ? ಹಿಂದ ಬಂದದ್ದೆಲ್ಲಾ ಅದರಿಂದ ಬಂತಂತಲ್ಲ.”

ಗೆದ್ದೆ ಎಂದುಕೊಂಡೆ. ಅವ್ವ ಚಟ್ನಿಯ ಡಬ್ಬಿ ಮುಚ್ಚಿದಳು.

“ಹಂಗಾದ್ರ ನೀ ನಾಕ ದಿನದಿಂದ ಬಡಕೊಳ್ಳಾಕತ್ತೀಯಲ್ಲ, ಅದೇನು? ಗಾಡಿ ಬಂದ್ವು, ಹೊಗಿ ಬಂತು, ಆಮ್ಯಾಲ ಗಾಳಿ ಜೋರಾತು. ಅದೂ ಹಿಂದ ಬಂದದ್ದ ಅಲ್ಲೇನು? ನಿನ್ನ ಹೊಗಿಗೊಂದು ನ್ಯಾಯ, ನನ್ನ ಮಾತಿಗೊಂದು ನ್ಯಾಯ?”

ಎದುರಾಳಿ ತಂಡ ಕೇಳಬಹುದೆಂದು ನಾನು ಹೆದರಿದ್ದ ಪ್ರಶ್ನೆ ಅದೇ. ವಾರದ ಹಿಂದೆ ಆಗಿದ್ದರೆ ಅದು ನನ್ನದೇ ಪ್ರಶ್ನೆ. ಆದರೆ ತಯಾರಿ ಮಾಡುತ್ತಾ ನನಗೆ ಒಂದು ವಿಷಯ ತಿಳಿದಿತ್ತು. ನಾನು ಅನುಮಾನ ಪಡುತ್ತಿದ್ದುದು ಒಂದೇ ಕಡೆಗೆ. ‘ಹವೆ ಹಿಂದೂ ಬದಲಾಗಿದೆ, ಈಗಲೂ ತಾನೇ ಬದಲಾಗುತ್ತಿದೆ’ ಎನ್ನುವವರನ್ನು ನಾನು ಯಾವತ್ತೂ ಪುರಾವೆ ಕೇಳಿರಲಿಲ್ಲ. ಕೇಳುತ್ತಾ ಹೋದಾಗ ಆ ಕಡೆಯ ಪುರಾವೆಯ ಗಂಟೇ ಹಗುರವಿತ್ತು.

“ನ್ಯಾಯ ಒಂದ ಅವ್ವಾ. ನಡುವಿನ ದಾರಿ ತೋರಸಬೇಕು, ಅಷ್ಟ. ಈ ತಾಡಪತ್ರಿ ಇಳಿಬಿಟ್ರ ಒಳಗ ಯಾಕ ಕುದೀತೈತಿ? ಬಿಸಿ ಹೊರಗ ಹೋಗಾಕ ದಾರಿಲ್ಲ. ಇದ್ದಲಿ, ಡೀಸೆಲ್ ಸುಟ್ಟ ಹೊಗಿ ಮ್ಯಾಲ ಹಂಗ ಪಡದಾ ಆಗತೈತಿ. ಆ ಬಿಸಿ ಭಾಳಷ್ಟು ಸಮುದ್ರ ನುಂಗತೈತಿ. ನೀರ ಬೆಚ್ಚಗಾದಷ್ಟೂ ಅಲ್ಲಿ ಏಳೂ ಬಿರಗಾಳಿಗೆ ಬಲ. ಒಂದೊಂದ ಮೆಟ್ಟಲಾನೂ ಅಳದ ನೋಡ್ಯಾರ. ಸೂರ್ಯಾಂದ ಆಗಿದ್ದೇನು ಅಂತನೂ ನೋಡ್ಯಾರ, ಹೊಂದಲಿಲ್ಲ. ಈಗ ನೀ ಹೇಳು, ವೈನಿ ಕಾಲಿಂದ ಮೋಡಕ್ಕ ಯಾವ ದಾರಿ?”

ತಾಡಪತ್ರಿಯ ಹೋಲಿಕೆ ಪೂರ್ತಿ ಸರಿಯಲ್ಲವೆಂದು ನನಗೆ ಗೊತ್ತು. ಊಟದ ಹೊತ್ತಿಗೆ ಅಷ್ಟು ಸಾಕಿತ್ತು. ಅವ್ವನೂ ಸುಮ್ಮನೆ ಬಿಡುವವಳಲ್ಲ.

“ಅಂದ್ರ ಮೊನ್ನಿ ಮಳಿ ಹೊಗಿಯಿಂದ ಬಂತು?”

ಇಲ್ಲಿ ನಾನು ಹೂಂ ಎಂದುಬಿಡಬಹುದಿತ್ತು. ವೈನಿಗೆ ಅದೇ ಅನುಕೂಲ. ಆದರೆ ಅದು ಸುಳ್ಳು. ಮೊನ್ನೆಯದು ಚಂಡಮಾರುತವೇ ಅಲ್ಲ, ದಾರಿಹೋಕ ಮೋಡ. ಬಿರುಗಾಳಿಗಳ ಸಂಖ್ಯೆ ಹೆಚ್ಚುತ್ತದೆಯೇ ಎಂಬುದರಲ್ಲಿ ತಿಳಿದವರಿಗೂ ಇನ್ನೂ ಅನುಮಾನವಿದೆ. ಎದ್ದವು ಜೋರಾಗುತ್ತವೆ ಎಂಬುದಕ್ಕೆ ಮಾತ್ರ ಆಧಾರ ಗಟ್ಟಿ.

“ಅದು ಗೊತ್ತಿಲ್ಲ,” ಎಂದೆ. “ಒಂದ ಮಳಿ ಹಿಡದು, ಇದು ಇಂಥಾದ್ದರಿಂದ ಬಂತು ಅಂತ ನನಗ ಹೇಳಾಕ ಬರೂದಿಲ್ಲ. ಹೊಗೀದಂತನೂ ಹೇಳೂದಿಲ್ಲ, ವೈನೀದಂತೂ ಅಲ್ಲ.”

“ಚೀಲ ತುಂಬ ಕಾಗದ ತಂದು, ಗೊತ್ತಿಲ್ಲ ಅಂತಾಳ ನೋಡು!” ಎಂದಳು ಅವ್ವ.

“ಇರಲಿ ಬಿಡ ಬೇ,” ಎಂದ ಮುತ್ಯಾ. “ಗೊತ್ತಿಲ್ಲದಾವ್ರು ಗೊತ್ತೈತಿ ಅನ್ನೂದ್ಕಿಂತ ಇದ ಚಲೋ.” ಆಮೇಲೆ ನನ್ನ ಕಡೆ ತಿರುಗಿ, ಏನೋ ಲೆಕ್ಕ ಹಾಕಿದವನಂತೆ ಗಡ್ಡ ಕೆರೆದುಕೊಂಡ. “ಆದ್ರ ತಂಗೀ, ಹಂಗಾದ್ರ ನಾ ಅಂದದ್ದೂ ತಪ್ಪಾತಲ್ಲ. ಕಾಲ ತಾನಾಗಿ ಕೆಟ್ಟಿಲ್ಲ, ಮಂದಿ ಕೆಡಸ್ಯಾರ. ಯಾರನ್ನ ಬೈಯೂದು ಅಂದೆ ನಾ. ಬೈಯಾಕ ಭಾಳ ಮಂದಿ ಅದಾರ!”

ನೆಟ್ಟಿನ ಆಚೆಯಿಂದ ವೈನಿಯ ದನಿ ಬಂತು. ಅವಳು ಕೇಳುತ್ತಿದ್ದಾಳೆಂಬುದು ಎಲ್ಲರಿಗೂ ಗೊತ್ತಿತ್ತು, ಮಾತಾಡುತ್ತಾಳೆಂದು ಯಾರೂ ಎಣಿಸಿರಲಿಲ್ಲ.

“ಮಗ ಎಲ್ಲಾರ ಪಾಯಗುಣ ಅಲ್ಲೇನ್ರಿ, ತಾಈ?”

ಮರಾಠಿಯ ‘ಮಗ’ ಅಂದರೆ ‘ಹಾಗಾದರೆ’. ಹಾಗಾದರೆ ಇದು ಎಲ್ಲರ ಹೆಜ್ಜೆಯ ಗುಣ. ನಾನು ನಾಲ್ಕು ದಿನದಿಂದ ಬರೆದು ಬರೆದು ಹೊಡೆದುಹಾಕುತ್ತಿದ್ದ ಭಾಷಣದ ಮೊದಲ ವಾಕ್ಯ ಅದೇ ಆಗಬಹುದಿತ್ತು. ಮುತ್ಯಾ ತೊಡೆ ತಟ್ಟಿ ನಕ್ಕ. ಅಣ್ಣ ಹೊರಗಿದ್ದ ಬೈಕಿನ ಕಡೆ ಕೈ ತೋರಿಸಿ, “ನನ್ನ ಫಟಫಟೀದೂ ಸೇರಸು,” ಎಂದ. ಅವ್ವ ಮಾತ್ರ ತಾಟುಗಳನ್ನು ಒಂದರ ಮೇಲೊಂದು ಇಟ್ಟು ಎದ್ದು ಹೋದಳು.

ಮರುದಿನ ಬೆಳಿಗ್ಗೆ ವೈನಿಯ ಚೀಲ ಮನೆಯ ಬಾಗಿಲ ಹತ್ತಿರವೇ ಇತ್ತು. ಅಣ್ಣ ಬೈಕು ಒರೆಸುವ ನೆಪದಲ್ಲಿ ಹೊತ್ತು ಕಳೆಯುತ್ತಿದ್ದ. ಅಷ್ಟರಲ್ಲಿ ಎರಡನೇ ತೋಟದ ದ್ರಾಕ್ಷಿ ತುಂಬಿದ ಟೆಂಪೊ ಬಂತು. ಜೊತೆಗೆ ಬರಬೇಕಿದ್ದ ಕೂಲಿಯವರಲ್ಲಿ ಅರ್ಧ ಮಂದಿ ಬೇರೆ ಶೆಡ್ಡಿಗೆ ಹೋಗಿದ್ದರು. ಅದ್ದಿದ ದ್ರಾಕ್ಷಿ ಕಾಯುವುದಿಲ್ಲ, ಕೂಡಲೇ ಹರವಬೇಕು. ಅವ್ವ ಶೆಡ್ಡಿನ ಬಾಗಿಲಲ್ಲಿ ನಿಂತು, ಸೊಂಟಕ್ಕೆ ಸೆರಗು ಸಿಗಿಸಿಕೊಂಡು, ಮನೆಯ ಕಡೆ ತಿರುಗಿ ಕೂಗಿದಳು.

“ಏ ಹುಡುಗೀ, ಯಾವೂರ ಬಸ್ಸು ಈಗ! ಕಾಲ ತೊಳಕೊಂಡ ಬಾ ಲಗೂನ, ಮಣ್ಣ ಮಾಲಿಗೆ ಹತ್ತತೈತಿ. ಪಡುವಣ ರ್‍ಯಾಕ ನೀ ನೋಡಕೋ.”

ತೊಯ್ದದ್ದು ಅದೇ ಪಡುವಣ ಬದಿ. ವೈನಿ ಒಂದು ಗಳಿಗೆ ನನ್ನ ಮುಖ ನೋಡಿದಳು. ಈ ಸಲ ಮಾತಿನ ಸರದಿ ನನ್ನದಾಗಿರಲಿಲ್ಲ. ಅವಳು ಟಾಕಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡಳು, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿದಳು, ಒದ್ದೆ ಹೆಜ್ಜೆಯಲ್ಲೇ ಒಳಗೆ ಹೋದಳು. ನಾನು ಬಾಗಿಲ ಹತ್ತಿರದ ಚೀಲ ಒಳಗಿಟ್ಟು ಬಂದೆ.

ಅವ್ವನ ಮನಸ್ಸು ಬದಲಾಯಿತು ಎನ್ನಲು ನನ್ನಲ್ಲಿ ಪುರಾವೆ ಇಲ್ಲ. ನನ್ನ ವಾದದ ಮರುದಿನ ಅವಳು ಕರೆದಳು. ಅಷ್ಟಕ್ಕೇ ನನ್ನ ವಾದದಿಂದ ಕರೆದಳು ಎನ್ನುವ ಹಾಗಿಲ್ಲ. ಕೈ ಸಾಲದ್ದಕ್ಕೆ ಕರೆದಿರಬಹುದು. ಹರವುತ್ತಿದ್ದಾಗ ತೆಂಕಣದಲ್ಲಿ ಒಂದು ಮೋಡದ ತುಣುಕು ಕಂಡಿತು. ಅತ್ತೆ ಸೊಸೆ ಇಬ್ಬರೂ ಕೆಲಸ ನಿಲ್ಲಿಸಿ ಅದರ ಕಡೆ ನೋಡಿದರು. ಅವ್ವ ತಾಡಪತ್ರಿಯ ಹಗ್ಗದ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ವೈನಿಯ ಕೈಗೆ ಕೊಟ್ಟಳು.

“ನಾ ಎಳಿ ಅಂದ್ರ ಎಳೀಬೇಕ ನೋಡು.”

“ಹೂಂ ರಿ ಅತ್ತಿ,” ಎಂದಳು ವೈನಿ. “ಮೋಡ ಬರಾಕತ್ತಾರ್ರಿ.”