ಜೇನುಕೊಂಡದಲ್ಲಿ ಕೂಗಿದ ಒಂದು ಮಾತು

ಬಂದವರನ್ನು ಬೆಟ್ಟ ಹತ್ತಿಸುವುದು ತನುಜಳ ಕೆಲಸ. ಬೆಟ್ಟವೆಂದರೆ ಅವಳಿಗೆ ಪ್ರಾಣಭಯ. ಈ ಎರಡನೆಯ ಸಂಗತಿ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಐದು ಬೇಸಿಗೆಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಅವಳು ಎರಡು ತುತ್ತಿಗೇ ತಟ್ಟೆ ತಳ್ಳಿ ಏಳುತ್ತಿದ್ದಳು. ಅಷ್ಟು ಭಯವಿದ್ದವಳು ಆ ಕೆಲಸಕ್ಕೇಕೆ ಹೋಗಬೇಕಿತ್ತು ಎಂದು ಕೇಳುವವರು ಮೊದಲು ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಒಂದೇ ಕಡೆ ನಿಂತು ಬರಲಿ. ಅವಳು ಎರಡು ವರ್ಷ ನಿಂತು ಬಂದಿದ್ದಳು.

ಪೆರೇಸಂದ್ರದಿಂದ ಐದಾರು ಕಿಲೋಮೀಟರ್ ಒಳಗೆ ಹೋದರೆ ಸಿಗುವ ಆ ಗುಡ್ಡದ ಹೆಸರು ಜೇನುಕೊಂಡ. ಜೇನು ಕನ್ನಡ, ಕೊಂಡ ತೆಲುಗು. ಆ ಕಡೆಯ ಜನವೂ ಹಾಗೇ. ಅಂಗಡಿಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು. ಜಗಳ ಮಾತ್ರ ಯಾವುದು ಮೊದಲು ಬಾಯಿಗೆ ಬರುತ್ತದೋ ಅದರಲ್ಲಿ. ತನುಜಳ ಮನೆಮಾತು ತೆಲುಗು. ಆದರೆ ಪಿಯುಸಿಯಲ್ಲಿ ಕನ್ನಡಕ್ಕೆ ತೊಂಬತ್ತೊಂದು ಅಂಕ ತೆಗೆದವಳು ಎಂಬ ಜಂಬ ಅವಳಿಗೆ ಚೆನ್ನಾಗಿಯೇ ಇತ್ತು. ಬಂದವರ ಮುಂದೆ ತೆಲುಗಿನ ಒಂದಕ್ಷರ ಉದುರದಂತೆ ಮಾತಾಡುತ್ತಿದ್ದಳು.

ಅವಳ ಅಪ್ಪ ವೆಂಕಟರವಣಪ್ಪ ಆ ಗುಡ್ಡದಲ್ಲೇ ಮೇಕೆ ಮೇಯಿಸಿದವರು. ಮಗಳಿಗೆ ದಾರಿ ಕಲಿಸಿದ್ದೂ ಅವರೇ. ಮೊದಲ ದಿನ ಅರ್ಧ ಬೆಟ್ಟದಲ್ಲಿ ನಿಲ್ಲಿಸಿ, "ಭಯ ಆಯ್ತದೇನಮ್ಮಾ?" ಎಂದು ಕೇಳಿದ್ದರು. ಹೂಂ ಅಂದಳು. "ಹಂಗಾದ್ರೆ ನೀನು ಮಾಡ್ತೀಯ ಬಿಡು. ಭಯ ಇಲ್ದೋರೇ ಬೀಳೋದು," ಎಂದರು. ಹತ್ತಿದಷ್ಟು ಜನವನ್ನು ಇಳಿಸಿ ತರಬೇಕು. ಅವಳ ಮಟ್ಟಿಗೆ ಕೆಲಸವೆಂದರೆ ಅಷ್ಟೇ. ಐದು ವರ್ಷದಲ್ಲಿ ಒಂದು ತಲೆಯೂ ಕಡಿಮೆಯಾಗಿರಲಿಲ್ಲ.

ಯುಗಾದಿ ಕಳೆದ ಎರಡನೇ ಭಾನುವಾರ ಬಂದವರು ಮೂವರೇ. ಗಣೇಶ್ ಪ್ರಸಾದ್ ಎಂಬುವರು ಗೌರಿಬಿದನೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಹಾಸನದಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಜೊತೆಗೆ ಹೆಂಡತಿ ಶ್ರೀವಲ್ಲಿ, ಹನ್ನೊಂದು ವರ್ಷದ ಮಗಳು ಸಂಹಿತಾ. ಮೂವರ ಹೆಗಲ ಮೇಲೂ ಒಂದೊಂದು ಟವೆಲ್ ಇತ್ತು, ಹುಡುಗಿಯ ಕೊರಳಲ್ಲಿ ನೀರಿನ ಹಳದಿ ಬಾಟಲಿ ನೇತಾಡುತ್ತಿತ್ತು.

"ಸೆಂಟು ಗಿಂಟು ಹಾಕ್ಕೊಂಡಿದ್ದೀರಾ ಸಾರ್? ಮೇಲೆ ಹೆಜ್ಜೇನಿದೆ," ಎಂದು ತನುಜ ಕೆಳಗೇ ಕೇಳಿದಳು.

"ಛೆ ಛೆ, ಸ್ನಾನ ಬಿಟ್ಟು ಬೇರೇನಿಲ್ಲಮ್ಮ," ಎಂದರು ಗಣೇಶ್ ಪ್ರಸಾದ್.

ಆಗ ಅದು ನಿಜವೇ ಆಗಿತ್ತು.

ಬೆಟ್ಟದ ಅರ್ಧದಲ್ಲಿ ಎರಡು ಹೆಬ್ಬಂಡೆಗಳ ನಡುವೆ ಆಳವಾದ ಕೊರಕಲು. ಒಂದು ಬಂಡೆಗೆ ಅಂಟಿಕೊಂಡಂತೆ ಒಂದೂವರೆ ಅಡಿ ಅಗಲದ ಕಲ್ಲಿನ ಪಟ್ಟಿಯಿದೆ. ದಾಟಬೇಕಾದ್ದು ಅದರ ಮೇಲೇ, ಇಪ್ಪತ್ತು ಹೆಜ್ಜೆ. ಒಂದು ಪಕ್ಕ ಬಂಡೆಯ ಗೋಡೆ. ಇನ್ನೊಂದು ಪಕ್ಕ ಏನೂ ಇಲ್ಲ. ಅರವತ್ತು ಅಡಿ ಕೆಳಗೆ ಮುಳ್ಳುಪೊದೆ, ಚೂಪುಗಲ್ಲು. ನಡುವೆ ಒಂದು ಕಡೆ ಗೋಡೆ ಒಳಕ್ಕೆ ತಗ್ಗಿ, ಒಬ್ಬರು ಮುದುಡಿಕೊಂಡು ಕೂರುವಷ್ಟು ಗೂಡಾಗಿದೆ. ಎದುರು ಬಂಡೆಯ ಚಾಚಿನ ಕೆಳಗೆ ಹೆಜ್ಜೇನಿನ ಹುಟ್ಟುಗಳು ನೇತಾಡುತ್ತವೆ. ಆ ವರ್ಷ ಮೂರಿದ್ದವು, ಒಂದೊಂದೂ ಮೊರದಗಲ.

ಅಲ್ಲಿ ತನುಜಳದು ಒಂದೇ ಪದ್ಧತಿ. ತಾನು ಮೊದಲು ದಾಟುವುದು, ಆ ತುದಿಯಲ್ಲಿ ಇತ್ತ ಮುಖ ಮಾಡಿ ನಿಲ್ಲುವುದು, ಕೈ ಮಾಡಿ ಒಬ್ಬೊಬ್ಬರನ್ನೇ ಕರೆಯುವುದು. ಮಾತಿಲ್ಲ. ಹುಳ ಬಂದರೆ ಹೊಡೆಯುವಂತಿಲ್ಲ. "ಅಕಸ್ಮಾತ್ ಎದ್ರೆ ತಲೆಗೆ ಟವೆಲ್ ಸುತ್ಕೊಂಡು ಕಣ್ಣು ಮುಚ್ಕೊಳಿ. ಕಣ್ಣು ಬಿಡಲೇಬಾರದು. ನನ್ನ ದನಿ ಏನು ಹೇಳ್ತದೋ ಅಷ್ಟು ಮಾಡಿ," ಎಂದು ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಿದಳು. ಸಂಹಿತಾ ಪಾಠ ಒಪ್ಪಿಸುವವಳಂತೆ ಅದನ್ನು ಎರಡು ಸಲ ಹೇಳಿಕೊಂಡಳು.

ತನುಜ ದಾಟಿದಳು. ಶ್ರೀವಲ್ಲಿ ಗೋಡೆ ಸವರಿಕೊಂಡು, ದೇವರ ಹೆಸರು ಹೇಳಿಕೊಂಡು ದಾಟಿದರು. ಆಮೇಲೆ ಸಂಹಿತಾ ಪಟ್ಟಿಗೆ ಕಾಲಿಟ್ಟಳು. ಮಗಳ ಹಿಂದೆ ಬರಬೇಕಾದ ಗಣೇಶ್ ಪ್ರಸಾದ್ ಹತ್ತಿ ಬಂದ ಕಡೆಯ ತುದಿಯಲ್ಲೇ ಕಾಯುತ್ತಿದ್ದರು. ಕಾಯುವವರು ಸುಮ್ಮನೆ ಕಾಯಬಾರದೇ? ಬೆವರಿದ ಮುಖಕ್ಕೆ ತಂಪಾಗಲಿ ಎಂದು ಜೇಬಿನಿಂದ ಘಮಘಮಿಸುವ ಒದ್ದೆ ಟಿಶ್ಯೂ ತೆಗೆದು ಕತ್ತಿನವರೆಗೆ ಒರೆಸಿಕೊಂಡರು. ಬೇಲಿಯ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ಕರೆದು ಮೈಮೇಲೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಒಂದು ಹುಳ ಬಂದು ಕಿವಿಯ ಹತ್ತಿರ ಸುತ್ತಿತು. ಅವರು ಫಟ್ಟನೆ ಹೊಡೆದರು.

ಒಂದನ್ನು ಹೊಡೆದರೆ ಊರಿಗೆ ಊರೇ ಏಳುತ್ತದೆ ಎಂಬುದು ತನುಜಳಿಗೆ ಗೊತ್ತಿತ್ತು. ನಡುವಿನ ಹುಟ್ಟಿನ ಮೇಲೆ ಮೇಲಿನಿಂದ ಕೆಳಕ್ಕೆ ಒಂದು ಅಲೆ ಓಡಿತು. ಮತ್ತೊಂದು ಓಡಿತು. ಆಮೇಲೆ ಹುಟ್ಟಿನ ಕಪ್ಪು ಕಳಚಿಕೊಂಡು ಗಾಳಿಯಲ್ಲಿ ಹರಡಿತು. ಕೊರಕಲು ತುಂಬ ಗುಂಯ್ ಎಂಬ ಸದ್ದು. ಗಣೇಶ್ ಪ್ರಸಾದ್ ಅಯ್ಯಯ್ಯೋ ಎಂದು ಬಂದ ದಾರಿಯಲ್ಲೇ ಎದ್ದೆನೋ ಬಿದ್ದೆನೋ ಎಂದು ಓಡಿದರು. ಶ್ರೀವಲ್ಲಿ ಟವೆಲ್ ಸುತ್ತಿಕೊಂಡು ಅಲ್ಲೇ ಕುಳಿತರು.

ಪಟ್ಟಿಯ ನಟ್ಟನಡುವೆ ಸಂಹಿತಾ ಒಬ್ಬಳೇ ಉಳಿದಳು. ಹೇಳಿಕೊಟ್ಟಂತೆ ಟವೆಲ್ ಸುತ್ತಿಕೊಂಡು ಕಣ್ಣು ಮುಚ್ಚಿ ನಿಂತಳು. ಒಂದೂವರೆ ಅಡಿ ಕಲ್ಲಿನ ಮೇಲೆ ಕುರುಡಾಗಿ ನಿಂತ ಮಗು! ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಗೂಡು. ಇನ್ನೊಂದು ಪಕ್ಕಕ್ಕೆ ಸರಿದರೆ ಮುಗಿಯಿತು. ಹೋಗಿ ಹಿಡಿದುಕೊಳ್ಳೋಣವೆಂದರೆ ತನುಜಳ ಕಾಲು ಏಳಲಿಲ್ಲ. ಈ ಮಗು ಹೋಯಿತು, ನನ್ನ ಕೈಯಲ್ಲೇ ಹೋಯಿತು ಎಂದೇ ಅನ್ನಿಸಿತು. ತೊಂಬತ್ತೊಂದು ಅಂಕದ ಕನ್ನಡವೆಲ್ಲ ಎಲ್ಲಿ ಹೋಯಿತೋ, ಅವಳು ಕೈ ಚಾಚಿ ಗೂಡಿನ ಕಡೆಗೆ ಬೀಸುತ್ತ ಕಿರುಚಿದಳು.

"ಕುಡಿ! ಕುಡಿ! ಕುಡಿ!"

ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಹಾಸನದ ಹುಡುಗಿಗೆ ಕುಡಿ ಎಂದರೆ ಕುಡಿಯುವುದು, ಅಷ್ಟೇ. ಆ ದನಿ ಹೇಳಿದ್ದನ್ನು ಮಾಡಬೇಕೆಂದು ಪಾಠ ಒಪ್ಪಿಸಿದ್ದಳಲ್ಲ. ಸಂಹಿತಾ ನಿಂತಲ್ಲೇ ಮೆಲ್ಲಗೆ ಕುಳಿತಳು. ಕೊರಳಿನ ಬಾಟಲಿಯನ್ನು ತಡವಿ ಹಿಡಿದು, ಟವೆಲಿನೊಳಗೆ ಸೇರಿಸಿಕೊಂಡು, ಗುಟುಕು ಗುಟುಕಾಗಿ ನೀರು ಕುಡಿಯತೊಡಗಿದಳು.

ಹುಳಗಳು ಅವಳ ತಲೆಯ ಮೇಲೇ ಹಾದವು. ಕೆಲವು ಟವೆಲಿನ ಮೇಲೆ ಕೂತವು, ಹರಿದಾಡಿದವು. ಅವಳು ಅಲ್ಲಾಡಲಿಲ್ಲ. ಉಳಿದವೆಲ್ಲ ಘಮಲು ಹಿಡಿದು ಗಣೇಶ್ ಪ್ರಸಾದರ ಹಿಂದೆ ಹೋದವು. ಎಷ್ಟು ಹೊತ್ತಾಯಿತೋ, ತನುಜಳಿಗೆ ಒಂದು ಯುಗದಂತಿತ್ತು. ಸದ್ದು ತಗ್ಗಿದ ಮೇಲೆ ಅವಳು ಮೊಣಕಾಲಿನ ಮೇಲೆ ತೆವಳಿ ಹೋಗಿ, ಹುಡುಗಿಯ ಸೊಂಟ ಹಿಡಿದು, ಇಂಚಿಂಚಾಗಿ ಸರಿಸಿ ತಾಯಿಯ ಮಡಿಲಿಗೆ ಹಾಕಿದಳು. ಬಾಟಲಿ ಖಾಲಿಯಾಗಿತ್ತು.

ಹಿಂಬದಿಯ ಸುತ್ತುದಾರಿಯಲ್ಲಿ ಇಳಿದು, ಬೆಟ್ಟದ ಬುಡದ ಲಂಟಾನ ಪೊದೆಯಲ್ಲಿ ಜರ್ಕಿನ್ ಹೊದ್ದು ಬಿದ್ದಿದ್ದ ಗಣೇಶ್ ಪ್ರಸಾದರನ್ನು ಎಬ್ಬಿಸಿಕೊಂಡು, ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಬಂದಾಗ ಹನ್ನೊಂದು ಗಂಟೆ. ಅವರಿಗೆ ಹದಿನಾಲ್ಕು ಕಡೆ ಕಡಿದಿತ್ತು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಜೀವಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ಮಗಳಿಗೆ ಕೈಗೆ ಎರಡು, ಅಷ್ಟೇ.

"ನನ್ನ ತಪ್ಪಿಗೆ ಮಗು ಹೋಗ್ಬಿಡ್ತಿತ್ತು," ಎಂದರು ಗಣೇಶ್ ಪ್ರಸಾದ್, ಆದದ್ದನ್ನೆಲ್ಲ ಮಗಳಿಂದ ಕೇಳಿದ ಮೇಲೆ, ಊದಿದ ತುಟಿಯಲ್ಲೇ. "ನಿಮ್ಮ ಒಂದು ಮಾತು ಉಳಿಸ್ತಮ್ಮ. ಅಂಥಾ ಹೊತ್ತಲ್ಲಿ ನೀರು ಕುಡಿ ಅನ್ನೋ ಬುದ್ಧಿ ಯಾರಿಗೆ ಬರುತ್ತೆ ಹೇಳಿ?"

ತನುಜಳಿಗೆ ಆಗಲೇ ತಿಳಿದದ್ದು, ತಾನು ಯಾವ ಭಾಷೆಯಲ್ಲಿ ಕೂಗಿದ್ದೆ ಎಂದು. ನಾಚಿಕೆಯಾಯಿತು, ಹಿಂದೆಯೇ ನಗುವೂ ಬಂತು. ಬಲಕ್ಕೆ ಹೋಗು ಅಂದರೆ ನೀರು ಕುಡಿದಳಲ್ಲ ಈ ಹುಡುಗಿ! ಮನೆಗೆ ಹೋಗಿ ಅಮ್ಮನಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾಳೆ ಅಂದುಕೊಂಡಳು.

ಅಷ್ಟರಲ್ಲಿ ಮುಲಾಮು ಹಿಡಿದ ನರ್ಸಮ್ಮ ಬಂದರು. ಸಂಹಿತಾ ಎದುರು ಬೆಂಚಿನಲ್ಲಿ, ತನುಜಳ ಕಡೆಗೇ ಮುಖ ಮಾಡಿ ಕುಳಿತಿದ್ದಳು. "ಎಲ್ಲಿ, ಬಲಗೈ ಚಾಚು ಪುಟ್ಟಾ," ಎಂದರು ನರ್ಸಮ್ಮ.

ಹುಡುಗಿ ಬಲಗೈ ಚಾಚಿದಳು. ಅದು ತನುಜಳ ಎಡಕ್ಕಿತ್ತು.

ತನುಜ ಆ ಕೈಯನ್ನು ನೋಡಿದಳು. ತನ್ನ ಬಲಗೈಯನ್ನು ನೋಡಿಕೊಂಡಳು. ಗೂಡಿದ್ದದ್ದು ತನ್ನ ಬಲಕ್ಕೆ. ಎದುರು ಮುಖವಾಗಿ ಬರುತ್ತಿದ್ದ ಮಗುವಿನ ಬಲಕ್ಕೆ ಇದ್ದದ್ದು ಅರವತ್ತು ಅಡಿ. ಬೆಟ್ಟದಲ್ಲಿ ಆಗಿದ್ದ ಹೆದರಿಕೆ ಏನೂ ಅಲ್ಲ ಅನ್ನಿಸುವಂಥ ಹೆದರಿಕೆ ಈಗ ಹಾಡುಹಗಲಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ಹಿಡಿದು ನಡುಗಿಸಿತು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಾಣೆ ಎಂಬ ಹೆಸರೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಅವಳಿಗೆ ಸುಮ್ಮನಿರಲಾಗಲಿಲ್ಲ.

"ಸಾರ್, ನಾನು ನೀರು ಕುಡಿ ಅನ್ಲಿಲ್ಲ," ಎಂದಳು. "ನಮ್ಮ ಮಾತಲ್ಲಿ ಕುಡಿ ಅಂದ್ರೆ ಬಲಗಡೆ. ಗಾಬರೀಲಿ ನನ್ನ ಬಲ ಹೇಳ್ಬಿಟ್ಟೆ. ಪಾಪುಗೆ ಆ ಕಡೆ... ಆ ಕಡೆ ಕೊರಕಲಿತ್ತು ಸಾರ್."

ಗಣೇಶ್ ಪ್ರಸಾದ್ ತೆರೆದಿದ್ದ ಒಂದು ಕಣ್ಣಿನಲ್ಲಿ ಅವಳನ್ನೇ ನೋಡಿದರು. ಬೈಯಲಿಲ್ಲ. ಶ್ರೀವಲ್ಲಿ ಎದ್ದು ಹೋಗಿ ಮಗಳ ಪಕ್ಕ ಕುಳಿತರು.

ಸಂಹಿತಾ ಮುಲಾಮು ಹಚ್ಚಿದ ಕೈಯನ್ನು ಊದಿಕೊಳ್ಳುತ್ತ ಯೋಚಿಸಿದಳು.

"ನಮ್ಮ ಕ್ಲಾಸಿನ ಹರಿಣಿ ನಂಗೆ ತೆಲುಗು ಹೇಳ್ಕೊಡ್ತಿದ್ದಾಳೆ ಆಂಟಿ," ಎಂದಳು. "ಒಂದರಿಂದ ಹತ್ತು ಆಗಿದೆ. ಎಡ, ಬಲ ನಾಳೆ ಹೇಳ್ಕೊಡ್ತೀನಿ ಅಂದಿದ್ದಾಳೆ."